ಯಂತ್ರದ ಮುಂದೆ ಪಾಟೀಸವಾಲು

ಕಳೆದ ಗಣೇಶ ಚೌತಿಯ ಸಂಜೆ ಸಂಘದ ಹಿರಿಯ ಸದಸ್ಯರೊಬ್ಬರ ಮನೆಗೆ ನಾವು ಫಳಾರಕ್ಕೆಂದು ಹೋಗಿದ್ದೆವು. ನಡುಮನೆಯಲ್ಲಿ ವಿಚಿತ್ರ ನೋಟ. ಊಟದ ಮೇಜನ್ನು ಗೋಡೆಗೆ ಸರಿಸಿ, ಅಜ್ಜನವರನ್ನು ಮರದ ಕುರ್ಚಿಯ ಮೇಲೆ ಕೂಡಿಸಿ, ಕಾಯಿದೆ ಓದುತ್ತಿರುವ ಮೊಮ್ಮಗಳು ಅವರನ್ನು ಜಬರಿಸುತ್ತಿದ್ದಳು: "ಆ ರಾತ್ರಿ ನೀವು ಕನ್ನಡಕ ಹಾಕಿರಲಿಲ್ಲ, ಹೌದೋ ಅಲ್ಲವೋ?" ಅಜ್ಜನವರು ನಿರುಮ್ಮಳವಾಗಿ, "ಕನ್ನಡಕ ನಿಮ್ಮಜ್ಜಿ ಎಲ್ಲಿಟ್ಟಾಳೋ, ಅಕಿನ್ನ ಕೇಳವಾ" ಎಂದರು. ಸಾಕ್ಷಿ ಕೈಬಿಟ್ಟು ಹೋಯಿತು.

ನಕ್ಕೆವು, ನಿಜ. ಆದರೆ ಹುಡುಗಿಗೆ ಅದು ನಗೆಯ ಮಾತಾಗಿರಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್. ಮೂರರ ನಡುವೆ ಸಿಕ್ಕು ಮೊದಲ ಅಣಕು ನ್ಯಾಯಾಲಯದಲ್ಲಿ ಅವಳ ಬಾಯಿ ಕಟ್ಟಿಹೋಗಿತ್ತಂತೆ. "ಕೋರ್ಟಿನ ಗೋಜು ಬೇಡ, ಯಾವುದಾದರೂ ಕಂಪನಿಯಲ್ಲಿ ಕಾಗದಪತ್ರ ನೋಡಿಕೊಂಡಿರು" ಎಂದು ತಂದೆಯವರ ಹಟ. ತಾನು ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲೇ ನಿಂತು ವಾದಿಸಬೇಕೆಂದು ಇವಳ ಹಟ. ಬಾಯಿ ಬಿಡಿಸಿಕೊಳ್ಳಲು ಅವಳು ಹಿಡಿದ ದಾರಿ ಗಣಕಯಂತ್ರದ್ದು. ಎರಡು ರವಿವಾರ ಅವಳ ಪಕ್ಕದಲ್ಲಿ ಕುಳಿತು ನಾವೂ ಅದನ್ನು ನೋಡಿದೆವು.

ಈ ವಿದ್ಯೆ ತೀರ ಹೊಸದಲ್ಲ. 1990ರ ದಶಕದಲ್ಲೇ ಅಮೆರಿಕೆಯ ವಕೀಲ ಆ್ಯಶ್ಲಿ ಲಿಪ್ಸನ್ ಎಂಬವರು 'ಆಬ್ಜೆಕ್ಷನ್!' ಎಂಬ ಗಣಕಯಂತ್ರದ ಆಟ ರಚಿಸಿದ್ದರು. ಎದುರು ವಕೀಲನ ಪ್ರಶ್ನೆ ಪರದೆಯ ಮೇಲೆ ಬರುತ್ತದೆ. ಆಕ್ಷೇಪಿಸಬೇಕೇ ಬೇಡವೇ, ಯಾವ ಆಧಾರದ ಮೇಲೆ, ಎಂಬುದನ್ನು ತಟ್ಟನೆ ಹೇಳಬೇಕು. ಅಲ್ಲಿಯ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಾಧೀಶೆ ಸಾಂಡ್ರಾ ಡೇ ಓಕಾನರ್ 2009ರಲ್ಲಿ ಆರಂಭಿಸಿದ ಐಸಿವಿಕ್ಸ್ ಸಂಸ್ಥೆಯ 'ಆರ್ಗ್ಯುಮೆಂಟ್ ವಾರ್ಸ್' ಶಾಲೆಯ ಮಕ್ಕಳಿಗೂ ಹಿಡಿಸುವಂಥದು, ಕಾಸು ಕೊಡಬೇಕಾಗಿಲ್ಲ. ಆದರೆ ಇವೆಲ್ಲ ಅಲ್ಲಿಯ ಕಾಯಿದೆಯ ಕೂಸುಗಳು. ಅಲ್ಲಿ ಜ್ಯೂರಿ ಇದೆ. ನಮ್ಮಲ್ಲಿ 1959ರ ನಾನಾವತಿ ಖಟ್ಲೆಯ ಗದ್ದಲದ ನಂತರ ಜ್ಯೂರಿ ಹೆಚ್ಚು ದಿನ ಉಳಿಯಲಿಲ್ಲ. ಆ ಆಟಗಳನ್ನು ಕಲಿತು ಇಲ್ಲಿ ವಾದಕ್ಕೆ ನಿಂತರೆ ಇಲ್ಲದ ಹನ್ನೆರಡು ಮಂದಿಯತ್ತ ಕೈ ಬೀಸಿದಂತಾದೀತು!

ಹುಡುಗಿ ಜಾಣೆ. ಅವಳು ಚಾಟ್‌ಜಿಪಿಟಿಯಂಥ ಮಾತಾಡುವ ತಂತ್ರಾಂಶವನ್ನೇ ಸಾಕ್ಷಿಯಾಗಿ ನಿಲ್ಲಿಸಿಕೊಂಡಿದ್ದಾಳೆ. ಮೊದಲು ಒಂದು ಸಣ್ಣ ಕಲ್ಪಿತ ಖಟ್ಲೆ ಬರೆದಳು: ಸ್ಕೂಟರು ಅಪಘಾತ, ಒಬ್ಬ ಪ್ರತ್ಯಕ್ಷ ಸಾಕ್ಷಿ, ಪೋಲೀಸರಿಗೆ ಅವನು ಕೊಟ್ಟ ಹೇಳಿಕೆ. ಆಮೇಲೆ ಯಂತ್ರಕ್ಕೆ ಅಪ್ಪಣೆ: "ನೀನು ಮಾರ್ಕೆಟ್ ಯಾರ್ಡಿನ ಈರುಳ್ಳಿ ವ್ಯಾಪಾರಿ. ಈ ಹೇಳಿಕೆಯಲ್ಲಿರುವಷ್ಟೇ ನಿನಗೆ ಗೊತ್ತು. ಮರಾಠಿಯಲ್ಲಿ, ಕೇಳಿದಷ್ಟಕ್ಕೇ ಉತ್ತರ ಕೊಡು." ಮೊದಮೊದಲು ಈ ವ್ಯಾಪಾರಿ ಬಲು ಸಾಧು. ಎರಡು ಪ್ರಶ್ನೆಗೇ "ನೀವು ಹೇಳುವುದು ಸರಿ, ನನಗೆ ಕತ್ತಲೆಯಲ್ಲಿ ಕಾಣಲಿಲ್ಲ" ಎಂದು ಶರಣಾಗುತ್ತಿದ್ದ. ಅಂಥ ಸಾಕ್ಷಿ ಯಾವ ಕೋರ್ಟಿನಲ್ಲಿ ಸಿಕ್ಕಾನು? "ಹಟ ಬಿಡಬೇಡ, ಒಮ್ಮೊಮ್ಮೆ ಸಿಟ್ಟಾಗು, ಮಾತು ತಪ್ಪಿಸು" ಎಂದು ಬರೆದ ಮೇಲೆ ಆಟಕ್ಕೆ ಕಳೆ ಬಂತು.

ಕಲಿಯುವ ಕ್ರಮವನ್ನೂ ಅವಳೇ ಹೇಳಿದಳು. ಕೊನೆಯ ವಾದವನ್ನು ಮೊದಲು ಬರೆಯಬೇಕು. ಅದಕ್ಕೆ ಬೇಕಾದ ಸಂಗತಿಗಳನ್ನಷ್ಟೇ ಸಾಕ್ಷಿಯಿಂದ ತೆಗೆಯಬೇಕು. ತನ್ನ ಸಾಕ್ಷಿಯ ಮುಖ್ಯ ವಿಚಾರಣೆಯಲ್ಲಿ ಉತ್ತರವನ್ನು ತಾನೇ ಬಾಯಿಗಿಡುವ ಸೂಚಕ ಪ್ರಶ್ನೆಗೆ ಎದುರಿನವರು ಆಕ್ಷೇಪಿಸಬಹುದು. 'ಏನು ಕಂಡಿರಿ, ಎಲ್ಲಿ ನಿಂತಿದ್ದಿರಿ' ಎಂದೇ ಕೇಳಬೇಕು. ಪಾಟೀಸವಾಲಿನಲ್ಲಿ, ಅಂದರೆ ಮರಾಠಿಯವರ ಉಲಟತಪಾಸಣಿಯಲ್ಲಿ, ಸೂಚಕ ಪ್ರಶ್ನೆಗೆ ಅಡ್ಡಿಯಿಲ್ಲ. 1872ರ ಸಾಕ್ಷ್ಯ ಕಾಯಿದೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದ್ದರೂ ಈ ನಿಯಮ ಹಾಗೆಯೇ ಉಳಿದಿದೆ. ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ. 'ಏಕೆ' ಎಂದು ಕೇಳಿದಿರೋ, ಸಾಕ್ಷಿಗೆ ಭಾಷಣದ ಅವಕಾಶ ಕೊಟ್ಟಂತೆ. ಅಜ್ಜನವರ ಕನ್ನಡಕದ ಪ್ರಶ್ನೆ ಸರಿಯಾಗಿಯೇ ಇತ್ತು, ಸಾಕ್ಷಿಯೇ ಪಳಗಿದವರು.

ಮುಗಿದ ಮೇಲೆ ಅದೇ ಯಂತ್ರವನ್ನು ಪರೀಕ್ಷಕನನ್ನಾಗಿ ಮಾಡಿ, ಯಾವ ಪ್ರಶ್ನೆಯಲ್ಲಿ ಎರಡು ಸಂಗತಿ ಸೇರಿಕೊಂಡವು ಎಂದು ಎಣಿಸಿಸುತ್ತಾಳೆ. ಇಷ್ಟಕ್ಕೆ ಅದು ಒಳ್ಳೆಯ ಆಳು. ಹಳೆಯ ತೀರ್ಪುಗಳನ್ನು ಮಾತ್ರ ಅದರ ಬಾಯಿಂದ ಕೇಳಬಾರದು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಅದು ಹೆಣೆದ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಒಪ್ಪಿಸಿ 5,000 ಡಾಲರು ದಂಡ ತೆತ್ತರು. ನಿಜವಾದ ಪಕ್ಷಗಾರರ ಕಾಗದಪತ್ರಗಳನ್ನು ಅದಕ್ಕೆ ತೋರಿಸುವುದಂತೂ ಸಲ್ಲದು.

ಯಂತ್ರ ಕಲಿಸಲಾರದ್ದೂ ಇದೆ. ನಮ್ಮ ಕೋರ್ಟುಗಳಲ್ಲಿ ಸಾಕ್ಷಿ ನುಡಿದದ್ದನ್ನು ನ್ಯಾಯಾಧೀಶರು ಬರೆಯಿಸುತ್ತಾರೆ. ದಾಖಲೆಗೆ ಇಳಿಯದ ಉತ್ತರ ಬಂದೂ ಬಾರದಂತೆ. ಆದ್ದರಿಂದ ಬೆರಳಚ್ಚಿನ ಕೈಯನ್ನು ನೋಡಿಕೊಂಡು ಪ್ರಶ್ನೆ ಕೇಳಬೇಕು. ಇದನ್ನು ಅಲ್ಲೇ ಹೋಗಿ ಕುಳಿತು ನೋಡಬೇಕು. ಬಾರ್ ಕೌನ್ಸಿಲಿನ 2008ರ ಶಿಕ್ಷಣ ನಿಯಮಗಳೂ 100 ಅಂಕಗಳ ಒಂದು ಪತ್ರಿಕೆಯಲ್ಲಿ ಮೂರು ಅಣಕು ನ್ಯಾಯಾಲಯಗಳಿಗೆ 30 ಅಂಕ ಇಟ್ಟಂತೆ, ಒಂದು ದಿವಾಣಿ ಮತ್ತು ಒಂದು ಫೌಜದಾರಿ ಖಟ್ಲೆಯನ್ನು ಕಣ್ಣಾರೆ ನೋಡುವುದಕ್ಕೂ 30 ಅಂಕ ಇಟ್ಟಿವೆ.

ತಂದೆಯವರಿಗೆ ನಾವು ಹೇಳಿದ್ದು ಇಷ್ಟೇ. ಗದಗ ಸೀಮೆಯ ಗಜೇಂದ್ರಗಡದ ಹೆಸರು ಹೊತ್ತ ಮನೆತನದ ಹುಡುಗನೊಬ್ಬ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ಓದಿ, ಪುಣೆಗೆ ಬಂದು, 1924ರಲ್ಲಿ ಹುಟ್ಟಿದ ಇಲ್ಲಿಯ ಐ.ಎಲ್.ಎಸ್. ಕಾಯಿದೆ ಕಾಲೇಜನ್ನು ಸೇರಿದ. ಆ ಪಿ. ಬಿ. ಗಜೇಂದ್ರಗಡಕರರು 1964ರಲ್ಲಿ ಭಾರತದ ಮುಖ್ಯ ನ್ಯಾಯಾಧೀಶರಾದರು. ತಂದೆಯವರು "ಅವರ ಮಾತು ಬೇರೆ" ಎಂದರು. ಆದರೆ ಹೋದ ರವಿವಾರ, ಕರೆಯದಿದ್ದರೂ, ಮೇಜಿನ ಹಿಂದೆ ನ್ಯಾಯಾಧೀಶರಾಗಿ ಕುಳಿತಿದ್ದವರು ಅವರೇ. ಮಗಳ ಎರಡು ಪ್ರಶ್ನೆಗಳನ್ನು ತಳ್ಳಿಹಾಕಿದರು, ಒಂದನ್ನು ಅನ್ಯಾಯವಾಗಿ.

ಬರುವ ವಾರ ಫಿರ್ಯಾದಿಯ ಪಾತ್ರಕ್ಕೆ ನಮಗೆ ಕರೆ ಬಂದಿದೆ. ಇನ್ನೂ ಇಬ್ಬರು ಸಾಕ್ಷಿಗಳು ಬೇಕಾಗಿದ್ದಾರೆ. ಮರಾಠಿ ಚೆನ್ನಾಗಿ ಬಲ್ಲ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಕೊಡಬಹುದು. ಅವಲಕ್ಕಿ, ಚಹಾ ಉಂಟು, ಪ್ರಮಾಣವಚನದ ಅಗತ್ಯವಿಲ್ಲ.