ಹಳದಿ ಹರಳು ಕಲಿಸಿದ ಪಾಠ

ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಗಡಿನಾಡಿನ ಕನ್ನಡ ಶಾಲೆಗಳ ಹೆತ್ತವರನ್ನು ಒಂದು ಚಿಂತೆ ಕಾಡತೊಡಗುತ್ತದೆ. ಆಮ್ಲ, ಪ್ರತ್ಯಾಮ್ಲ, ಲವಣ ಎಂದು ಕಲಿತ ಮಗು ಮುಂದೆ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ನಿಲ್ಲಬಲ್ಲುದೇ? ಡಾಕ್ಟರೇಟಿನವರೆಗೆ ಏರಬಲ್ಲುದೇ? ಇಂಥ ಚಿಂತೆಯುಳ್ಳವರು ಆಚಾರ್ಯ ಪ್ರಫುಲ್ಲಚಂದ್ರ ರಾಯರ ಬದುಕಿನತ್ತ ಒಮ್ಮೆ ಕಣ್ಣು ಹಾಯಿಸಬೇಕು.

ರಾಯರು 1887ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು, 1889ರಲ್ಲಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಹೊಸದಾಗಿ ಕಾಲೇಜು ಸೇರಿದವರಿಗೆ ಕಲಿಸುವುದೆಂದರೆ ಅವರಿಗೆ ವಿಶೇಷ ಪ್ರೀತಿ. ಆ ಪಾಠದಲ್ಲಿ ಬಂಗಾಳಿ ಮಾತನ್ನು ಬಳಸಲು ಅವರು ಹಿಂಜರಿಯಲಿಲ್ಲ. ಮೂಳೆಯನ್ನು ಸುಟ್ಟು, ಉಳಿದ ಬೂದಿಯನ್ನು ತರಗತಿಯ ಎದುರಿನಲ್ಲೇ ಬಾಯಿಗೆ ಹಾಕಿಕೊಂಡು, ಅದೀಗ ಬರಿಯ ಕ್ಯಾಲ್ಸಿಯಂ ಫಾಸ್ಫೇಟ್ ಎಂದು ತೋರಿಸುತ್ತಿದ್ದರಂತೆ. ಹಾಗೆ ಕಂಡ ಪಾಠ ಮರೆಯುವಂಥದಲ್ಲ.

ಅವರ ಹೆಸರು ಹೊರದೇಶಗಳಲ್ಲಿ ಹಬ್ಬಿದುದು 1896ರ ಶೋಧನೆಯಿಂದ. ಪಾದರಸದ ಮೇಲೆ ದುರ್ಬಲ ನೈಟ್ರಿಕ್ ಆಮ್ಲವನ್ನು ಎರೆದಾಗ ಹಳದಿ ಹರಳುಗಳು ಕಾಣಿಸಿಕೊಂಡವು. ಅವರು ಬಯಸಿದ್ದು ಬೇರೆ ಲವಣವನ್ನು. ಬೇಡದ ಕಸವೆಂದು ತೊಳೆದುಬಿಡುವುದು ಸುಲಭವಿತ್ತು. ಆಮ್ಲವೇ ತುಂಬಿರುವಲ್ಲಿ ಇಂಥ ಹರಳು ಹೇಗೆ ಬಂತೆಂದು ಅವರು ಕೇಳಿಕೊಂಡರು, ಪರೀಕ್ಷಿಸಿದರು. ಅದು ಮರ್ಕ್ಯುರಸ್ ನೈಟ್ರೈಟ್ ಎಂಬ ಹೊಸ ಸಂಯುಕ್ತವೆಂದು ತಿಳಿಯಿತು.

ಸಂಶೋಧನಾ ಶಿಕ್ಷಣದ ತಿರುಳು ಇದೇ. ನಿರೀಕ್ಷಿಸದೆ ಬಂದುದನ್ನು ಗಮನಿಸುವ ಕಣ್ಣು, ಅದು ಏಕೆಂದು ಕೇಳುವ ಧೈರ್ಯ, ಉತ್ತರ ಸಿಗುವವರೆಗೆ ಕಾಯುವ ತಾಳ್ಮೆ. ಇವು ಗ್ರಂಥಕ್ಕಿಂತ ಹೆಚ್ಚಾಗಿ ಗುರುವಿನ ಪಕ್ಕದಲ್ಲಿ ದುಡಿದೇ ಬರತಕ್ಕವು. ನೀಲರತನ ಧರ್, ಜ್ಞಾನಚಂದ್ರ ಘೋಷ್, ಜ್ಞಾನೇಂದ್ರನಾಥ ಮುಖರ್ಜಿ ಮೊದಲಾದ ರಸಾಯನವಿಜ್ಞಾನಿಗಳು ಹಾಗೆ ಬೆಳೆದ ಶಿಷ್ಯರು. 1921ರಲ್ಲಿ, ಅರುವತ್ತು ತುಂಬಿದಾಗ, ರಾಯರು ತಮ್ಮ ಮುಂದಿನ ಸಂಬಳವನ್ನೆಲ್ಲ ಕಲಕತ್ತಾ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗಕ್ಕೇ ಬಿಟ್ಟುಕೊಟ್ಟರು.

ಘೋಷರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಅದೇ ಪೀಠವನ್ನು 1984ರಲ್ಲಿ ಏರಿದವರು ಸಿ.ಎನ್.ಆರ್. ರಾವ್. ಬೆಂಗಳೂರಿನ ಆಚಾರ್ಯ ಪಾಠಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಅವರು 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದರು, ಮುಂದೆ ಭಾರತರತ್ನರಾದರು.

ಇಂಗ್ಲಿಷ್ ಬೇಡವೆಂದು ಇದರ ಅರ್ಥವಲ್ಲ. ರಾಯರು ತಮ್ಮ ಶೋಧನೆಯನ್ನು ಬರೆದದ್ದು ಇಂಗ್ಲಿಷಿನಲ್ಲೇ. ಕನ್ನಡದಿಂದ ಹೋದ ವಿದ್ಯಾರ್ಥಿಗೆ ಪದವಿಯ ಮೊದಲ ತಿಂಗಳುಗಳು ಕಠಿನವೆಂಬುದೂ ದಿಟ. ಆದರೆ ಲವಣವೆಂದರೇನೆಂದು ಬಲ್ಲವನಿಗೆ ಅದರ ಇನ್ನೊಂದು ಹೆಸರನ್ನು ಕಲಿಯುವುದು ಕೆಲವು ದಿನಗಳ ಕೆಲಸ. ಹೆಸರನ್ನಷ್ಟೇ ಬಾಯಿಪಾಠ ಮಾಡಿದವನು ವಸ್ತುವನ್ನು ಅರಿಯಲು ಮತ್ತೆ ಮೊದಲಿನಿಂದ ತೊಡಗಬೇಕು.

ಆದುದರಿಂದ ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಹೆತ್ತವರು ಕೇಳಬೇಕಾದ ಪ್ರಶ್ನೆಯೊಂದುಂಟು: ಶಾಲೆಯ ಪ್ರಯೋಗಶಾಲೆಯ ಬೀಗ ಈ ವರ್ಷ ಎಷ್ಟು ಸಲ ತೆರೆಯಿತು? ಪ್ರತಿಯೊಂದು ಮಗುವೂ ಪ್ರನಾಳವನ್ನು ತನ್ನ ಕೈಯಲ್ಲೇ ಹಿಡಿಯಿತೇ?