ಸಿನಿಮಾದಾಗ ಅಡಿಗಿಮನಿ ಎಲ್ಲಿ ಹೋತರೀ?

ಹ್ಯಾರಿ ಪಾಟರ್ ನಾಕನೇ ಪುಸ್ತಕ, 'ಗಾಬ್ಲೆಟ್ ಆಫ್ ಫೈರ್', ನನಗ ಭಾಳ ಸೇರ್ತದ. ನಾ ರೊಟ್ಟಿ ಬಡಿಯೂ ಮುಂದ ಮಗಳು ಕಟ್ಟಿ ಮ್ಯಾಲೆ ಕೂತು ಓದಿ, ಕನ್ನಡದಾಗ ತಿಳಿಸಿ ಹೇಳ್ತಿದ್ಳು. ಮೊನ್ನೆ ಅದರ ಸಿನಿಮಾ ನೋಡಿದ್ವಿ, 2005ರದ್ದು. ಡ್ರ್ಯಾಗನ್ ಕಾಳಗ ಛಂದ ತೋರಿಸ್ಯಾರ, ಇಲ್ಲ ಅನ್ನಂಗಿಲ್ಲ. ಆದ್ರ ಅಡಿಗಿಮನಿನ ಇಲ್ಲ!

ಪುಸ್ತಕದಾಗ ಹಾಗ್ವಾರ್ಟ್ಸ್ ಸಾಲಿಯ ಊಟದ ಹಾಲಿನ ಕೆಳಗ ದೊಡ್ಡ ಅಡಿಗಿಮನಿ ಅದ. ನೂರಕ್ಕಿಂತ ಹೆಚ್ಚು ಎಲ್ಫ್‌ಗಳು, ಅಂದ್ರ ಗಿಡ್ಡ ಮನಿಯಾಳುಗಳು, ಅಲ್ಲಿ ಅಡಿಗಿ ಮಾಡಿ ಮ್ಯಾಲಿನ ಟೇಬಲ್ಲಿಗೆ ಕಳಸ್ತಾವ. ಪಗಾರಿಲ್ಲ, ಸೂಟಿ ಇಲ್ಲ. ಹರ್ಮಾಯಿನಿಗೆ ಇದು ಗೊತ್ತಾದ ಕೂಡ್ಲೇ ಊಟ ಬಿಡ್ತಾಳ, ಆಮ್ಯಾಲೆ ಅವುಗಳ ಸಲುವಾಗಿ ಸಂಘ ಕಟ್ಟತಾಳ. ಪಗಾರ ಕೇಳಿದಾಂವ ಡಾಬಿ ಒಬ್ಬನ. ಡಂಬಲ್ಡೋರ್ ವಾರಕ್ಕ 10 ಗ್ಯಾಲಿಯನ್ ಕೊಡ್ತೀನಂದ್ರ, ಅಷ್ಟ್ಯಾಕ, ಒಂದ ಸಾಕು ಅಂತಾನ! ಸೂಟಿ ತಿಂಗಳಿಗೆ ಒಂದು ದಿನ. ಅದನ್ನ ಕೇಳಿದ ದಿನ ನನ್ನ ಹಂಚಿನ ಮ್ಯಾಲಿನ ರೊಟ್ಟಿ ಸೀದು ಹೋತು. "ನನಗೇನು ಬ್ಯಾಡ ಬಿಡ್ರಿ" ಅಂತ ನಾವೂ ಹಿಂಗ ಅಂತೀವಲ್ಲ?

ನೀರಿನೊಳಗಿನ ಸ್ಪರ್ಧಾಕ್ಕ ಪುಸ್ತಕದಾಗ ಡಾಬಿ ತಂದುಕೊಟ್ಟ ಸೊಪ್ಪು ಸಿನಿಮಾದಾಗ ನೆವಿಲ್ ಕೊಡ್ತಾನ. ಅಷ್ಟು ದಪ್ಪ ಪುಸ್ತಕ ಎರಡೂವರಿ ತಾಸಿನಾಗ ಹಿಡಿಸಂಗಿಲ್ಲ ಅಂದ್ಳು ಮಗಳು. ಖರೇ. ಆದ್ರ ಜಾಗ ಸಾಲದಾದಾಗ ಮೊದಲ ಅಡಿಗಿಮನಿನ ಯಾಕ ಕತ್ತರಸಬೇಕು? ಊಟ ತಾನಾಗೇ ಬಂತು ಅಂತ ತೋರಿಸಿದ್ರ, ಮಾಡಿದವರು ಇಲ್ಲ ಅಂದಂಗ.

ಸಿನಿಮಾ ಮುಗಿದ ಮ್ಯಾಲೆ ಮಗಳು ತಾಟು ತೊಳ್ಯಾಕ ಎದ್ಳು. "ಬ್ಯಾಡ ಬಿಡವಾ, ನಾ ತೊಳೀತೀನಿ" ಅನ್ನಾಕ ಬಾಯಿ ತಗದಾಕಿ, ಡಾಬಿ ನೆನಪಾಗಿ ಸುಮ್ಮಕ ಕೂತೆ.