ಮೊಟ್ಟೆಗಳ್ಳನೆಂಬ ಅಪವಾದ

ವಿದ್ಯಾರ್ಥಿಗಳ ಬಿಡುವಿನ ವೇಳೆಯನ್ನೆಲ್ಲ ವಿಡಿಯೋ ಆಟಗಳು ಕಬಳಿಸುತ್ತಿವೆ ಎಂಬುದು ಹಿರಿಯರ ಸಾಮಾನ್ಯ ದೂರು. ಆದರೆ ಆ ಆಟಗಳು ಏನನ್ನು ಹೇಳುತ್ತಿವೆ ಎಂದು ವಿಚಾರಿಸುವವರು ವಿರಳ. ಕಥೆಯನ್ನೂ ಪಾತ್ರವನ್ನೂ ವಿಮರ್ಶಿಸಲು ಕಲಿಸುವ ಕನ್ನಡ ವಿಭಾಗಕ್ಕೆ ಈ ವಿಚಾರಣೆ ಹೊರಗಿನದಲ್ಲ. ‘ಆರ್ಕ್: ಸರ್ವೈವಲ್ ಇವಾಲ್ವ್ಡ್’ ಎಂಬ ಆಟವನ್ನೇ ನಿದರ್ಶನವಾಗಿ ನೋಡಬಹುದು.

2017ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ ಈ ಆಟದಲ್ಲಿ ಆಟಗಾರನು ದ್ವೀಪವೊಂದರ ತೀರದಲ್ಲಿ ಬರಿಗೈಯಲ್ಲಿ ಕಣ್ತೆರೆಯುತ್ತಾನೆ. ಅಲ್ಲಿ ಬದುಕಿ ಉಳಿಯಲು ಡೈನೋಸಾರ್‌ಗಳನ್ನು ಪಳಗಿಸಬೇಕು. ಬೇಗನೆ ಪಳಗಿಸಲು ಮೊಟ್ಟೆ ಬೇಕು. ಮೊಟ್ಟೆಗೆ ಹಣ್ಣು, ನಾರು ಮೊದಲಾದುವನ್ನು ಸೇರಿಸಿ ಬೇಯಿಸಿದ ‘ಕಿಬಲ್’ ಎಂಬ ಆಹಾರಕ್ಕೆ ಕಾಡುಪ್ರಾಣಿ ಒಲಿಯುತ್ತದೆ. ಆದರೆ ಕಾಡಿನಲ್ಲಿ ಮೊಟ್ಟೆಯನ್ನು ಎತ್ತಿಕೊಂಡರೆ ಸಮೀಪದಲ್ಲಿರುವ ಅದೇ ಜಾತಿಯ ಪ್ರಾಣಿಗಳು ಮೇಲೆರಗುತ್ತವೆ. ಫಲಿತ ಮೊಟ್ಟೆಯ ರೀತಿಯೇ ಬೇರೆ. ಅದಕ್ಕೆ ತಕ್ಕ ಉಷ್ಣತೆ ತಪ್ಪಿದರೆ ಮೊಟ್ಟೆ ಕ್ರಮೇಣ ಹಾಳಾಗುತ್ತದೆ. ಆದುದರಿಂದ ಆಟಗಾರರು ಸುತ್ತಲೂ ಪಂಜುಗಳನ್ನು ಉರಿಸುತ್ತಾರೆ, ಹವಾನಿಯಂತ್ರಕಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಮರಿ ಹೊರಬಂದ ಮೇಲೆ ಕೈಯಾರೆ ಉಣಿಸಬೇಕು, ಆಗಾಗ ಮುದ್ದಿಸಬೇಕು, ಜೊತೆಯಲ್ಲಿ ನಡೆದಾಡಿಸಬೇಕು. ಹೀಗೆ ಒಂದೇ ಮೊಟ್ಟೆ ಒಮ್ಮೆ ಕದ್ದ ಸರಕು, ಇನ್ನೊಮ್ಮೆ ಕಾಯಬೇಕಾದ ಜೀವ. ಈ ಇಬ್ಬಂದಿಯನ್ನು ಅನುಭವಕ್ಕೆ ತರುವುದು ಆಟದ ಹೆಚ್ಚುಗಾರಿಕೆಯೆಂದೇ ಹೇಳಬೇಕು.

ನನ್ನ ಆಕ್ಷೇಪವಿರುವುದು ಒಂದು ಪಾತ್ರದ ಬಗ್ಗೆ. ‘ಓವಿರಾಪ್ಟರ್’ ಇಲ್ಲಿ ಮೊಟ್ಟೆ ಕದಿಯುವ ಪ್ರಾಣಿ. ಅದನ್ನು ಪಳಗಿಸಲು ಮೊಟ್ಟೆಯನ್ನೇ ಉಣಿಸಬೇಕು. ಈ ಚಿತ್ರಣದ ಮೂಲ ಆ ಹೆಸರಿನಲ್ಲಿದೆ. 1923ರಲ್ಲಿ ಅಮೆರಿಕದ ಅನ್ವೇಷಕರ ತಂಡವೊಂದು ಮಂಗೋಲಿಯದ ಗೋಬಿ ಮರುಭೂಮಿಯಲ್ಲಿ ಮೊಟ್ಟೆಗಳ ಗೂಡಿನ ಮೇಲೆ ಬಿದ್ದಿದ್ದ ಒಂದು ಅಸ್ಥಿಪಂಜರವನ್ನು ಕಂಡಿತು. ಮೊಟ್ಟೆಗಳು ಪ್ರೊಟೊಸೆರಾಟಾಪ್ಸ್ ಎಂಬ ಬೇರೊಂದು ಡೈನೋಸಾರ್‌ನವೆಂದು ಊಹಿಸಲಾಯಿತು. ಅಂದಮೇಲೆ ಸತ್ತುಬಿದ್ದದ್ದು ಕಳ್ಳನೇ ಆಗಿರಬೇಕು! 1924ರಲ್ಲಿ ಹೆನ್ರಿ ಫೇರ್‌ಫೀಲ್ಡ್ ಆಸ್ಬರ್ನ್ ಅದಕ್ಕೆ ‘ಮೊಟ್ಟೆಗಳ್ಳ’ ಎಂಬರ್ಥದ ಹೆಸರಿಟ್ಟರು. ಆ ಹೆಸರು ಪ್ರಾಣಿಯ ಸ್ವಭಾವದ ಬಗ್ಗೆ ತಪ್ಪು ತಿಳಿವಳಿಕೆ ನೀಡಬಹುದೆಂದು ಅವರೇ ಎಚ್ಚರಿಸಿದ್ದರು. ಹೆಸರು ಲೋಕಪ್ರಸಿದ್ಧವಾಯಿತು, ಎಚ್ಚರಿಕೆ ಮರೆಯಾಯಿತು.

1993ರಲ್ಲಿ ಗೋಬಿಯಲ್ಲೇ ಅಂಥದೇ ಮೊಟ್ಟೆಯೊಂದರೊಳಗೆ ಭ್ರೂಣದ ಎಲುಬುಗಳು ದೊರೆತವು. ಅವು ಓವಿರಾಪ್ಟರ್‌ನ ಕುಲಕ್ಕೇ ಸೇರಿದವಾಗಿದ್ದವು. ಹಕ್ಕಿಯಂತೆ ಮುಂಗೈಗಳನ್ನು ಚಾಚಿ ಗೂಡಿನ ಮೇಲೆ ಕುಳಿತ ಭಂಗಿಯಲ್ಲೇ ಶಿಲೆಯಾಗಿದ್ದ ಅದರ ಹತ್ತಿರದ ಸಂಬಂಧಿಯೊಂದರ ವಿವರವೂ 1995ರಲ್ಲಿ ಪ್ರಕಟವಾಯಿತು. ಕಳ್ಳನೆಂದು ಕರೆಸಿಕೊಂಡದ್ದು ಬಹುಶಃ ತನ್ನ ಮೊಟ್ಟೆಗಳನ್ನೇ ಕಾಯುತ್ತಿದ್ದ ಜೀವ. ಆದರೆ ಪ್ರಾಣಿಗಳ ನಾಮಕರಣದ ನಿಯಮದಂತೆ ಮೊದಲು ಇಟ್ಟ ಹೆಸರೇ ಉಳಿಯುತ್ತದೆ. ಅರ್ಥ ಸುಳ್ಳಾಯಿತೆಂಬ ಕಾರಣಕ್ಕೆ ಅದನ್ನು ಬದಲಿಸುವಂತಿಲ್ಲ.

ಹಾಗೆಂದು ಡೈನೋಸಾರ್‌ಗಳೆಲ್ಲವೂ ವಾತ್ಸಲ್ಯಮೂರ್ತಿಗಳೆಂದು ಸಾರಬೇಕಿಲ್ಲ. ನಮ್ಮ ನರ್ಮದಾ ಕಣಿವೆಯಲ್ಲಿ ಟೈಟನೋಸಾರ್‌ಗಳ 92 ಗೂಡುಗಳೂ 256 ಮೊಟ್ಟೆಗಳೂ ದೊರೆತ ಸಂಗತಿ 2023ರಲ್ಲಿ ಪ್ರಕಟವಾಯಿತು. ಆ ಗೂಡುಗಳು ತೀರ ಒತ್ತೊತ್ತಾಗಿರುವುದರಿಂದ ದೈತ್ಯ ತಾಯಂದಿರು ಅಲ್ಲಿ ನಿಂತು ಕಾಯುತ್ತಿರಲಿಲ್ಲವೆಂದು ವಿದ್ವಾಂಸರು ಭಾವಿಸಿದ್ದಾರೆ. ಒಂದೊಂದು ಜೀವಿಯ ನಡತೆಯನ್ನೂ ಅದರದರ ಸಾಕ್ಷ್ಯವೇ ಹೇಳಬೇಕು.

‘ಇದು ಆಟ ತಾನೆ’ ಎಂದು ಕೆಲವರು ನಗಬಹುದು. ಕಲ್ಪನೆಗೆ ಸ್ವಾತಂತ್ರ್ಯವಿರಬೇಕೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಅಲ್ಲಗಳೆಯಲಾರೆವು. ಡೈನೋಸಾರ್‌ನ ಮೇಲೆ ಮನುಷ್ಯನು ಸವಾರಿ ಮಾಡುವುದನ್ನು ಯಾರೂ ನಿಜವೆಂದು ನಂಬುವುದಿಲ್ಲ, ಅದು ಕಲ್ಪನೆ. ಓವಿರಾಪ್ಟರ್ ಕಳ್ಳನೆಂಬುದು ಹಾಗಲ್ಲ. ಅದು ವಿಜ್ಞಾನವು ಹಿಂತೆಗೆದುಕೊಂಡ ಆರೋಪ. ಆಟದಲ್ಲಿ ವಿಜ್ಞಾನದ ಹೆಸರನ್ನೇ ಹೊತ್ತು ಬರುವುದರಿಂದ ಎಳೆಯರು ಅದನ್ನು ಮಾಹಿತಿಯೆಂದೇ ಸ್ವೀಕರಿಸುತ್ತಾರೆ. ತೀರ್ಪು ಬದಲಾದರೂ ಅಪವಾದ ಅಳಿಯದಿರುವುದು ಮನುಷ್ಯರ ಲೋಕದಲ್ಲೂ ಅಪರೂಪವಲ್ಲ.

ಆಟವನ್ನು ನಿಷೇಧಿಸಿ ಎಂದು ನಾನು ಹೇಳಲಾರೆ. ಆಡುವವರು ಆಡಲಿ, ಕಾವು ಕೊಟ್ಟು ಮರಿಮಾಡುವ ತಾಳ್ಮೆಯನ್ನೂ ಕಲಿಯಲಿ. ಆದರೆ ಒಂದು ಜೀವಿಗೆ ‘ಕಳ್ಳ’ ಎಂಬ ಹೆಸರು ಅಂಟಿರುವುದನ್ನು ಕಂಡಾಗ, ಆ ಹೆಸರನ್ನು ಯಾರು ಯಾವ ಆಧಾರದ ಮೇಲೆ ಇಟ್ಟರೆಂದು ಕೇಳುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಯಲಿ. ತರಗತಿಯಲ್ಲಿ ನಾವು ಪಠ್ಯಕ್ಕೆ ಕೇಳುವ ಪ್ರಶ್ನೆಯೂ ಇದೇ ಅಲ್ಲವೇ?